ಚೆಕ್‌ರೋಲ್ ಮತ್ತು ಹಾಜರಿ ಪುಸ್ತಕ

ಅಪ್ಪ ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ಸುಂಟಿಕೊಪ್ಪದಿಂದ ಮಾದಾಪುರಕ್ಕೆ ಹೋಗುವ ದಾರಿಯಲ್ಲಿ ಬಸ್ಸಿಳಿದು, ಮಣ್ಣಿನ ರಸ್ತೆ ಹಿಡಿದು ಒಳಗೆ ನಡೆದರೆ ಆ ತೋಟ. ಆಳುಗಳ ಹಾಜರಿ, ಕುಯ್ದ ಹಣ್ಣಿನ ತೂಕ, ವಾರದ ಬಟವಾಡೆ, ಗೊಬ್ಬರದ ಮೂಟೆ, ಸುರಿದ ಮಳೆ, ಎಲ್ಲದರ ಲೆಕ್ಕ ಬರೆಯುವುದು ಅವರ ಕೆಲಸ. ನಮಗೆ ಇರಲು ಕಾಫಿ ಒಣಗಿಸುವ ಕಣದ ಪಕ್ಕದಲ್ಲೇ ಒಂದು ಹೆಂಚಿನ ಮನೆ ಕೊಟ್ಟಿದ್ದರು. ಅಪ್ಪನ ಊರು ಪಿರಿಯಾಪಟ್ಟಣದ ಕಡೆ, ಅಮ್ಮನದು ಶನಿವಾರಸಂತೆ. ಅಮ್ಮನ ತಾಯಿ, ನಮ್ಮಜ್ಜಿ, ತಾತ ಹೋದ ಮೇಲೆ ನಮ್ಮ ಜೊತೆಗೇ ಬಂದು ಉಳಿದಿದ್ದಳು. ಅಕ್ಕ ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಅಂಗೈಯಗಲ ಸ್ವಂತ ಜಾಗವಿಲ್ಲದಿದ್ದರೂ ಅಷ್ಟು ದೊಡ್ಡ ತೋಟವೆಲ್ಲ ನಮ್ಮದೇ ಅಂಗಳ ಅಂದುಕೊಂಡು ನಾವಿಬ್ಬರೂ ಬೆಳೆದೆವು.

ಕೊಡಗಿನ ಬಾಲ್ಯ ಅಂದರೆ ಹೊರಗಿನವರಿಗೆ ಕೊಡವರ ಮೂಲಮನೆಯಾದ ಐನ್‌ಮನೆ, ಕೋವಿ, ಹುತ್ತರಿ ಹಬ್ಬ ನೆನಪಾಗುತ್ತದೆ. ಅದನ್ನು ಬರೆಯಲು ಆ ಮನೆಗಳ ಮಕ್ಕಳಿದ್ದಾರೆ, ಚೆನ್ನಾಗಿ ಬರೆದೂ ಇದ್ದಾರೆ. ನನಗೆ ಗೊತ್ತಿರುವುದು ತೋಟದೊಳಗಿನ ಕೊಡಗು, ಆಳುಗಳು ಇರುವ ಲೈನ್ ಮನೆಗಳ, ಮೇಸ್ತ್ರಿಗಳ, ರೈಟರುಗಳ ಕೊಡಗು. ನನ್ನ ಜೊತೆ ಒಂದನೇ ಕ್ಲಾಸಿಗೆ ಸೇರಿದ ಲೈನಿನ ಮಕ್ಕಳಲ್ಲಿ ಏಳನೇ ಕ್ಲಾಸು ಮುಟ್ಟಿದವರು ಬಹಳ ಕಡಿಮೆ. ಆ ವಿಷಯ ಈ ವಯಸ್ಸಿನಲ್ಲೂ ನನ್ನನ್ನು ಬಿಟ್ಟಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಮಳೆಯ ಮಾತು ಹೇಳಿಬಿಡುತ್ತೇನೆ. ಅದನ್ನು ಬಿಟ್ಟು ನಮ್ಮ ಮನೆಯ ಕಥೆ ಇಲ್ಲ.

ಕಣದ ಮೂಲೆಯಲ್ಲಿ ಬೇಲಿ ಹಾಕಿದ ಸಣ್ಣ ಜಾಗದಲ್ಲಿ ಮಳೆ ಅಳೆಯುವ ಪಾತ್ರೆ ಇತ್ತು. ಮೇಲೆ ಲಾಳಿಕೆ, ಒಳಗೆ ಬಾಟಲಿ. ಬೆಳಗ್ಗೆ ಆಳುಗಳಿಗೆ ಕೆಲಸ ಹಂಚಿ ಬಂದ ಮೇಲೆ ಅಪ್ಪ ಆ ಬಾಟಲಿಯ ನೀರನ್ನು ಗೆರೆಗಳಿದ್ದ ಉದ್ದನೆಯ ಗಾಜಿನ ಜಾರಿಗೆ ಸುರಿಯುತ್ತಿದ್ದರು. ಜಾರು ಹಿಡಿಯುವ ಕೆಲಸ ನನ್ನದು. "ಕಣ್ಣನ್ನ ನೀರಿನ ಮಟ್ಟಕ್ಕೆ ತಗೊಂಡ್ ಹೋಗಿ ನೋಡು. ಮೇಲಿಂದ ಬಗ್ಗಿ ನೋಡಿದ್ರೆ ಲೆಕ್ಕ ತಪ್ಪುತ್ತೆ" ಅನ್ನುತ್ತಿದ್ದರು. ನೀರು ಗಾಜಿನ ಅಂಚಿನಲ್ಲಿ ಸ್ವಲ್ಪ ಮೇಲಕ್ಕೇರಿ, ನಡುವೆ ತಗ್ಗಾಗಿ ನಿಲ್ಲುತ್ತದೆ. ಓದಬೇಕಾದ್ದು ಆ ತಗ್ಗನ್ನು. ಮಂಡಿಯೂರಿ, ಉಸಿರು ಹಿಡಿದು ನಾನು ಓದುವುದು, ಅಪ್ಪ ಇನ್ನೊಮ್ಮೆ ನೋಡಿ ಪುಸ್ತಕದಲ್ಲಿ ಬರೆಯುವುದು. ಸರ್ಕಾರ ಮಿಲಿಮೀಟರಿಗೆ ಹೋಗಿ ಎಷ್ಟೋ ಕಾಲವಾಗಿದ್ದರೂ ತೋಟದಲ್ಲಿ ಮಳೆ ಅಂದರೆ ಇಂಚು ಮತ್ತು ಸೆಂಟು. ಒಂದು ಇಂಚಿಗೆ 100 ಸೆಂಟು. ಜುಲೈಯಲ್ಲಿ ಒಂದೇ ಬೆಳಗ್ಗೆ ಆ ಜಾರು ಮತ್ತೆ ಮತ್ತೆ ತುಂಬುತ್ತಿತ್ತು, ಎಲ್ಲ ಕೂಡಿಸಿ ಹೇಳಬೇಕಿತ್ತು. ಮುಂದೆ ಐದನೇ ಕ್ಲಾಸಿನಲ್ಲಿ ದಶಮಾಂಶದ ಲೆಕ್ಕ ಬಂದಾಗ ಇಡೀ ಕ್ಲಾಸು ಕಣ್ಣುಬಾಯಿ ಬಿಟ್ಟಿತು. ನನಗೆ ಅದು ಮನೆಯ ಮಾತಾಗಿತ್ತು.

ವರ್ಷದ ಮಳೆಯಲ್ಲೆಲ್ಲ ಅಪ್ಪ ಬಾಯಿಬಿಟ್ಟು ಕಾಯುತ್ತಿದ್ದದ್ದು ಫೆಬ್ರವರಿ, ಮಾರ್ಚಿನ ಹೂಮಳೆಗೆ. ರೋಬಸ್ಟಾ ಜಾತಿಯ ಕಾಫಿ ಗಿಡದಲ್ಲಿ ಮೊಗ್ಗು ಕಟ್ಟಿ ನಿಂತಿರುತ್ತದೆ. ಒಂದು ಇಂಚು ಮಳೆ ಒಟ್ಟಿಗೆ ಬಿದ್ದರೆ ಒಂದು ವಾರ, ಹತ್ತು ದಿನದೊಳಗೆ ತೋಟವೆಲ್ಲ ಬೆಳ್ಳಗೆ ಅರಳುತ್ತದೆ. ಅರ್ಧ ಮಳೆ ಬಿದ್ದು ನಿಂತರೆ ಮೊಗ್ಗು ಅರೆಬರೆ ಬಿರಿದು ಫಸಲು ಕೈಬಿಡುತ್ತದೆ. ಹೂ ಬಿಟ್ಟ ಮೇಲೆ ಕಾಯಿ ಕಚ್ಚಲು ಇನ್ನೊಂದು ಮಳೆ ಬೇಕು. ಸ್ಪ್ರಿಂಕ್ಲರ್ ಇದ್ದ ದೊಡ್ಡ ತೋಟಗಳು ಕೆರೆಯಿಂದ ನೀರು ಹಾಯಿಸಿ ಬಚಾವಾಗುತ್ತಿದ್ದವು, ಉಳಿದವರು ಆಕಾಶ ನೋಡಬೇಕು. ಆ ದಿನಗಳಲ್ಲಿ ರಸ್ತೆಯಲ್ಲಿ ಯಾರೇ ಸಿಕ್ಕಲಿ, ಕ್ಷೇಮಸಮಾಚಾರಕ್ಕೆ ಮೊದಲು "ನಿಮ್ಮಲ್ಲಿ ಎಷ್ಟು ಬಿತ್ತು?" ಅನ್ನುವುದೇ ಮಾತು. ಒಂದು ಸಂಜೆ ಅಪ್ಪ ತೊಪ್ಪೆಯಾಗಿ ಒಳಗೆ ಬಂದು, ತಲೆ ಸಹ ಒರೆಸಿಕೊಳ್ಳದೆ, "ಒಂದಿಂಚು ಹತ್ತು ಸೆಂಟು ಕಣೇ" ಅಂತ ಅಮ್ಮನಿಗೆ ಹೇಳಿದ ರೀತಿ ನೆನಪಿದೆ. ತೋಟ ಅವರದ್ದಲ್ಲ, ಫಸಲು ಅವರದ್ದಲ್ಲ. ಆದರೂ ಆ ಮಳೆಯ ಖುಷಿ ಪೂರ್ತಿ ಅವರದ್ದಾಗಿತ್ತು.

ಜೂನ್ ಬಂತೆಂದರೆ ಮನೆ ಒಲೆಯ ಸುತ್ತ ಸರಿದುಬಿಡುತ್ತಿತ್ತು. ಏಪ್ರಿಲ್, ಮೇನಲ್ಲಿ ಮರಗಸಿ ಆದಾಗ ಕಡಿದ ಕೊಂಬೆಗಳನ್ನು ಒಣಗಿಸಿ ಹಿಂದಿನ ಚಾವಡಿಯಲ್ಲಿ ಒಟ್ಟಿಟ್ಟ ಸೌದೆಯೇ ಸೆಪ್ಟೆಂಬರಿನ ತನಕ ಜೀವ. ಒಲೆಯ ಮೇಲೆ ಅಡ್ಡ ಬಿದಿರಿನ ಗಳ ಕಟ್ಟಿ ಅದರ ಮೇಲೆ ನಮ್ಮ ಬಿಳಿ ಅಂಗಿ, ನೀಲಿ ಚಡ್ಡಿ, ಅಕ್ಕನ ಲಂಗ ಒಣಹಾಕುತ್ತಿದ್ದರು. ಬಟ್ಟೆ ಒಣಗುತ್ತಿರಲಿಲ್ಲ, ಹೊಗೆ ಮಾತ್ರ ಕುಡಿಯುತ್ತಿತ್ತು. ಮಳೆಗಾಲದಲ್ಲಿ ನಮ್ಮ ಇಡೀ ಕ್ಲಾಸಿಗೆ ಒಂದೇ ವಾಸನೆ: ಹೊಗೆ, ಒದ್ದೆ ಗೋಣಿ, ಕೊಬ್ಬರಿ ಎಣ್ಣೆ. ಹಾಸಿಗೆಯ ಕೆಳಗೆ ಪುಸ್ತಕ ಇಟ್ಟು ಮಲಗುತ್ತಿದ್ದೆವು, ಇಲ್ಲವಾದರೆ ಬೂಸಲು ಹಿಡಿಯುತ್ತಿತ್ತು.

ಅಜ್ಜಿ ಒಲೆ ಮುಂದಿನಿಂದ ಏಳುತ್ತಿರಲಿಲ್ಲ. ಕೆಂಡದಲ್ಲಿ ಹಲಸಿನ ಬೀಜ ಸುಟ್ಟು ಕೊಡುವುದು, ಕೆಸುವಿನ ಎಲೆಗೆ ಹಿಟ್ಟು ಸವರಿ ಸುತ್ತಿ ಪತ್ರೊಡೆ ಮಾಡುವುದು, ಕಣಿಲೆ, ಅಂದರೆ ಎಳೆ ಬಿದಿರಿನ ಮೊಳಕೆ, ಬಂದಾಗ ಅದನ್ನು ಹೆಚ್ಚಿ ನೀರಲ್ಲಿ ಹಾಕಿ ದಿನಾ ನೀರು ಬದಲಿಸುವುದು, ಎಲ್ಲ ಅವಳದ್ದೇ. ಕಣಿಲೆಯ ವಿಷಯದಲ್ಲಿ ಅವಳು ಯಾರನ್ನೂ ನಂಬುತ್ತಿರಲಿಲ್ಲ. ನೀರು ಸರಿಯಾಗಿ ಬದಲಿಸದಿದ್ದರೆ ಹೊಟ್ಟೆ ಕೆಡುತ್ತದೆ ಎಂದು ಅಮ್ಮನನ್ನೂ ಪಾತ್ರೆ ಮುಟ್ಟಗೊಡುತ್ತಿರಲಿಲ್ಲ. ಕಕ್ಕಡ ತಿಂಗಳ ಹದಿನೆಂಟಕ್ಕೆ, ಅಂದರೆ ಆಗಸ್ಟ್ 3ರ ಸುಮಾರಿಗೆ, ಮದ್ದುಸೊಪ್ಪು ಬೇಯಿಸಿ ಅದರ ನೇರಳೆ ಬಣ್ಣದ ರಸದಲ್ಲಿ ಪಾಯಸ ಮಾಡುವುದು ಕೊಡಗಿನಲ್ಲಿ ಜಾತಿ ಮತ ನೋಡದೆ ಎಲ್ಲರ ಮನೆಯಲ್ಲೂ ಇತ್ತು. ಆ ದಿನಕ್ಕೆ ಸೊಪ್ಪಿಗೆ ಹದಿನೆಂಟು ಬಗೆಯ ಔಷಧಿ ಗುಣ ಬರುತ್ತದೆ ಎನ್ನುವುದು ನಂಬಿಕೆ. ಶನಿವಾರಸಂತೆಯ ಅಜ್ಜಿ ಅದನ್ನು ಪಕ್ಕದ ತೋಟದ ಕೊಡವ ಅಜ್ಜಿಯಿಂದ ಕಲಿತು, ಆಮೇಲೆ ಯಾವ ವರ್ಷವೂ ತಪ್ಪಿಸಲಿಲ್ಲ. ಮರುದಿನ ಮೂತ್ರ ಕೆಂಪಾಗುತ್ತದೆ. ಶಾಲೆಯಲ್ಲಿ ಹುಡುಗರಿಗೆಲ್ಲ ಅದೇ ಸುದ್ದಿ.

ಇನ್ನು ಲೈನ್ ಮನೆಗಳು. ಕಣದಿಂದ ಕೆಳಗೆ ಇಳಿಜಾರಿನಲ್ಲಿ ಎರಡು ಸಾಲು, ಒಂದೇ ಮಾಡಿನ ಕೆಳಗೆ ಒಂದಕ್ಕೊಂದು ಅಂಟಿಕೊಂಡ ಕೋಣೆಗಳು. ಒಂದೊಂದು ಸಂಸಾರಕ್ಕೆ ಒಂದು ಕೋಣೆ, ಮುಂದೆ ಒಂದು ಜಗುಲಿ, ಹಿಂದೆ ಒಲೆ. ಸೇಲಂ ಕಡೆಯಿಂದ ಅಜ್ಜಂದಿರ ಕಾಲದಲ್ಲೇ ಬಂದಿದ್ದ ತಮಿಳರು, ಘಟ್ಟದ ಕೆಳಗಿನ ತುಳುವರು, ಮಲಯಾಳಿಗಳು, ಅರಕಲಗೂಡು ಕಡೆಯಿಂದ ಕುಯ್ಲಿಗೆ ಮಾತ್ರ ಬಂದು ಹೋಗುವವರು. ಮೇಸ್ತ್ರಿ ಬೆಳಗ್ಗೆ, ತೂಗುಹಾಕಿದ ರೈಲು ಕಂಬಿಯ ತುಂಡಿಗೆ ಸುತ್ತಿಗೆಯಿಂದ ಹೊಡೆಯುತ್ತಿದ್ದ. ರೈಲೇ ಬಾರದ ಜಿಲ್ಲೆ ನಮ್ಮದು, ಆದರೂ ತೋಟಕ್ಕೂ ಶಾಲೆಗೂ ಗಂಟೆ ಮಾತ್ರ ರೈಲು ಕಂಬಿಯದೇ. ಗಂಟೆ ಹೊಡೆದ ಮೇಲೆ ಎಲ್ಲರೂ ಕಣದಲ್ಲಿ ಸಾಲು ನಿಲ್ಲುವರು. ಅಪ್ಪ ಚೆಕ್‌ರೋಲ್ ಬಿಚ್ಚಿ ಹೆಸರು ಕೂಗುವರು. ಉದ್ದನೆಯ ಪುಸ್ತಕ, ಎಡಗಡೆ ಹೆಸರು, ಮುಂದೆ 31 ಕಿರಿದಾದ ಮನೆಗಳು. ಬಂದವರಿಗೆ ಒಂದು ಗೆರೆ, ಅರ್ಧ ದಿನಕ್ಕೆ ಅರ್ಧ, ಬಾರದವರಿಗೆ ಸೊನ್ನೆ. ಶಾಲೆಯಲ್ಲಿ ಹಾಜರಿ ಪುಸ್ತಕವನ್ನು ಮೊದಲ ಸಲ ನೋಡಿದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ. ಅದೇ ಗೆರೆ, ಅದೇ ಮನೆಗಳು. ಹೆಸರುಗಳೂ ಗೊತ್ತಿದ್ದವರ ಮಕ್ಕಳದ್ದೇ.

ಶಾಲೆಗೆ ಸೇರಿದ್ದು 1991ರ ಜೂನಿನಲ್ಲಿ. ಲೈನಿನ ಮಕ್ಕಳೂ ನಾನೂ ಅಕ್ಕನೂ ಗುಂಪಾಗಿ ಹೊರಡುತ್ತಿದ್ದೆವು. ತೋಟದ ರಸ್ತೆ, ಆಮೇಲೆ ಹಳ್ಳ, ಅದಕ್ಕೆ ಎರಡು ಮರ ಅಡ್ಡ ಹಾಕಿದ ಕಾಲುಸಂಕ, ಗದ್ದೆ ಬದು, ಕೊನೆಗೆ ಡಾಂಬರು ರಸ್ತೆ. ಕೊಡೆ ಇದ್ದವರು ಕಡಿಮೆ. ಗೊಬ್ಬರದ ಪ್ಲಾಸ್ಟಿಕ್ ಚೀಲವನ್ನು ಮಡಚಿ ತಲೆಗೆ ಕೊಪ್ಪೆ ಹಾಕಿಕೊಂಡರೆ ಕೊಡೆಗಿಂತ ಮೇಲು, ಗಾಳಿಗೆ ಹಾರುವುದಿಲ್ಲ. ಜಿಗಣೆಗೆ ಅಮ್ಮ ಸಣ್ಣ ಬಟ್ಟೆಯಲ್ಲಿ ಉಪ್ಪಿನ ಗಂಟು ಕಟ್ಟಿ ಕೊಡುತ್ತಿದ್ದಳು. ಹಲಸಿನ ಕಾಲದಲ್ಲಿ ಆನೆ ಬಂದಿದೆ ಅಂತ ಸುದ್ದಿಯಾದರೆ ಒಬ್ಬ ದೊಡ್ಡ ಆಳು ಮುಂದೆ ತಗಡು ಬಡಿಯುತ್ತಾ ನಮ್ಮನ್ನು ಡಾಂಬರು ರಸ್ತೆ ಮುಟ್ಟಿಸಿ ಹೋಗುತ್ತಿದ್ದ. ದಾರಿಬದಿಯಲ್ಲಿ ಬೆಳೆಯುತ್ತಿದ್ದ, ಕನ್ನಡಿಯಂಥ ದಂಟಿನ ತುಂಬ ನೀರಿರುವ ಒಂದು ಪುಟ್ಟ ಗಿಡವನ್ನು ಜೇಬಿಗೆ ತುಂಬಿಕೊಳ್ಳುತ್ತಿದ್ದೆವು. ಸ್ಲೇಟು ಒರೆಸಲು ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ನಮ್ಮ ಒಂದನೇ ಕ್ಲಾಸಿನ ಟೀಚರ್ ಬಗ್ಗೆ ಎಷ್ಟು ಹೇಳಿದರೂ ನನಗೆ ಸಾಲದು. ಅವರ ಮುಂದೆ ಚಾಪೆಯ ಮೇಲೆ ಕೂತ ಮಕ್ಕಳಲ್ಲಿ ಮನೆಯಲ್ಲಿ ಕನ್ನಡ ಮಾತಾಡುವವರು ನಾನೂ ಇನ್ನಿಬ್ಬರು ಮೂವರೂ ಇದ್ದೆವೇನೋ. ಉಳಿದವರದ್ದು ತಮಿಳು, ತುಳು, ಮಲಯಾಳ, ಅರೆಭಾಷೆ, ಕೊಡವ. ಮೊದಲ ವಾರ ಟೀಚರ್ ಅಕ್ಷರವನ್ನೇ ಮುಟ್ಟಲಿಲ್ಲ. ನೀರು ಬೇಕಾ, ಹೊರಗೆ ಹೋಗಬೇಕಾ, ಹೊಟ್ಟೆ ನೋವಾ ಅನ್ನುವ ಮೂರು ಮಾತನ್ನು ಅವರು ಎಲ್ಲ ಭಾಷೆಯಲ್ಲೂ ಕಲಿತಿದ್ದರು. ಮಗು ತನ್ನ ಭಾಷೆಯಲ್ಲಿ ಕೇಳಿದ್ದಕ್ಕೆ ಅದೇ ಭಾಷೆಯಲ್ಲಿ ಒಮ್ಮೆ ಉತ್ತರ ಕೊಟ್ಟು, ಆಮೇಲೆ ಅದನ್ನೇ ಕನ್ನಡದಲ್ಲಿ ಹೇಳಿ, ಮಗುವಿನ ಬಾಯಲ್ಲಿ ಹೇಳಿಸುವರು. ದಸರಾ ರಜೆ ಮುಗಿದು ಬರುವಷ್ಟರಲ್ಲಿ ಕ್ಲಾಸಿನವರೆಲ್ಲ ಕನ್ನಡದಲ್ಲೇ ಜಗಳ ಆಡುತ್ತಿದ್ದೆವು. ತಮಾಷೆಗೆ ಹೇಳುತ್ತಿಲ್ಲ, ಒಂದು ಭಾಷೆ ಬಂತು ಅನ್ನುವುದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ನನಗೆ ಗೊತ್ತಿಲ್ಲ. ಕನ್ನಡ ಉಳಿಸುವ ಬಗ್ಗೆ ಯಾರಾದರೂ ಭಾಷಣ ಮಾಡಿದಾಗ ನನಗೆ ಆ ಚಾಪೆ, ಆ ಟೀಚರ್ ನೆನಪಾಗುತ್ತಾರೆ.

ಜುಲೈಯಲ್ಲಿ ಪಾಠವೇ ನಡೆಯದ ಗಂಟೆಗಳಿರುತ್ತಿದ್ದವು. ಹೆಂಚಿನ ಮೇಲೆ ಮಳೆ ಬೀಳುವ ಸದ್ದಿಗೆ ಟೀಚರ್ ದನಿ ಎರಡನೇ ಸಾಲಿಗೂ ಕೇಳುತ್ತಿರಲಿಲ್ಲ. ಆಗ ಅವರು ಕೂಗುವುದನ್ನು ಬಿಟ್ಟು ಬೋರ್ಡಿನಲ್ಲಿ ಬರೆಯುತ್ತಾ ಹೋಗುವರು, ನಾವು ಸುಮ್ಮನೆ ನಕಲು ಮಾಡುವುದು. ತೀರಾ ಜೋರಾದರೆ ಎಲ್ಲರನ್ನೂ ಹತ್ತಿರ ಕೂರಿಸಿಕೊಂಡು ಮಗ್ಗಿ ಹೇಳಿಸುವರು. ಡಿಸಿಯವರು ಮಳೆ ರಜೆ ಕೊಟ್ಟದ್ದು ಎಷ್ಟೋ ಸಲ ನಾವು ನೆನೆದು ಶಾಲೆ ಮುಟ್ಟಿದ ಮೇಲೇ ಗೊತ್ತಾಗುತ್ತಿತ್ತು. ಮಡಿಕೇರಿಯಲ್ಲಿ ಆಕಾಶವಾಣಿ ಶುರುವಾದ ಮೇಲೆ ಅಜ್ಜಿ ಬೆಳಗ್ಗೆಯೇ ರೇಡಿಯೋ ಹಚ್ಚಿ ಕೂರುತ್ತಿದ್ದಳು. ಆ ರಜೆಗಳನ್ನು ಆಮೇಲೆ ಶನಿವಾರ ಮಧ್ಯಾಹ್ನ ಕ್ಲಾಸು ನಡೆಸಿ ತುಂಬಿಸಿಕೊಳ್ಳುತ್ತಿದ್ದರು.

ಮಳೆಯ ಸದ್ದು ನಮಗೆ ನಿದ್ದೆ ಬರಿಸುವ ಸದ್ದಾಗಿತ್ತು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಮಾದಾಪುರದ ಕಡೆ ಬೆಟ್ಟಗಳು ಜಾರಿ ಮನೆ ತೋಟ ಎಲ್ಲ ಕೊಚ್ಚಿಹೋದ ಮೇಲೆ ಆ ಭಾಗದ ಮಕ್ಕಳಿಗೆ ಅದೇ ಸದ್ದು ಭಯ. ಜುಲೈ ಬಂದರೆ ರಾತ್ರಿ ಎದ್ದು ಕೂರುತ್ತಾರೆ ಎಂದು ಅಲ್ಲಿಯ ನೆಂಟರು ಹೇಳುವಾಗ, ನಮ್ಮ ಪಾಲಿಗೆ ಇದ್ದದ್ದು ಅವರಿಗೆ ಇಲ್ಲವಾಯಿತಲ್ಲ ಎಂದು ಹೊಟ್ಟೆ ತೊಳಸುತ್ತದೆ.

ನವೆಂಬರ್ ಬಂದು, ಬಿಸಿಲು ನಿಂತು, ಅರೇಬಿಕಾ ಹಣ್ಣಾಗುವ ಹೊತ್ತಿಗೆ ನಮ್ಮ ಕ್ಲಾಸಿನ ಚಾಪೆಗಳು ಖಾಲಿಯಾಗತೊಡಗುತ್ತಿದ್ದವು. ಅರೇಬಿಕಾ ಮುಗಿಯುವಷ್ಟರಲ್ಲಿ ರೋಬಸ್ಟಾ. ಅದರ ಜೊತೆಗೇ ಮೆಣಸು. ಹೀಗೆ ಮಾರ್ಚಿನ ತನಕ. ಹಣ್ಣು ಕುಯ್ಯುವುದಕ್ಕೆ ಕಿಲೋ ಲೆಕ್ಕ. ದಿನಕ್ಕೆ ಇಂತಿಷ್ಟು ಅಂತ ಕಟ್ಟು ಇರುತ್ತಿತ್ತು, ಅದರ ಮೇಲೆ ಕುಯ್ದ ಪ್ರತಿ ಕಿಲೋಗೆ ಹೆಚ್ಚಿನ ಕಾಸು. ವರ್ಷದ ಸಾಲ ತೀರಿಸುವುದು, ಬಟ್ಟೆ ತರುವುದು, ಊರಿಗೆ ಹೋಗಿಬರುವುದು, ಎಲ್ಲ ಈ ನಾಲ್ಕು ತಿಂಗಳ ಹೆಚ್ಚಿನ ಕಾಸಿನಲ್ಲೇ ಆಗಬೇಕು. ಒಂದು ಕೈ ಹೆಚ್ಚಿದ್ದರೆ ನಾಲ್ಕು ಕಿಲೋ ಹೆಚ್ಚು.

ಸಂಜೆ ತೂಕ. ನನಗೆ ಈ ಚಿತ್ರ ಕಣ್ಣಿಗೆ ಕಟ್ಟಿದಂತಿದೆ. ಮೂರು ಮರದ ಕಂಬ ಸೇರಿಸಿ ನಿಲ್ಲಿಸಿ ಅದಕ್ಕೆ ತಕ್ಕಡಿ ತೂಗುಹಾಕಿರುವರು. ಹೆಂಗಸರು ಹಣ್ಣಿನ ಚೀಲ ತಲೆಯ ಮೇಲೆ ಹೊತ್ತು ಬಂದು, ನೆಲಕ್ಕೆ ಸುರಿದು, ಎಲೆ ಕಡ್ಡಿ ಹಸಿರು ಕಾಯಿ ಆರಿಸಿ, ಮತ್ತೆ ತುಂಬಿ ಸಾಲಲ್ಲಿ ನಿಲ್ಲುವರು. ಬೆರಳುಗಳು ಹಣ್ಣಿನ ಅಂಟಿಗೆ ಕಪ್ಪಾಗಿರುತ್ತವೆ, ಕೆಂಜಿರುವೆ ಕಚ್ಚಿದ ದದ್ದು ಮೊಣಕೈ ತನಕ. ಮೇಸ್ತ್ರಿ ತೂಕ ಕೂಗುವನು, ಅಪ್ಪ ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ ಬರೆಯುವರು. ನನ್ನ ಕ್ಲಾಸಿನ ಹುಡುಗಿಯೊಬ್ಬಳು, ಲೈನಿನ ಕೊನೆಯ ಮನೆಯವಳು, ಅಮ್ಮನ ಪಕ್ಕ ನಿಂತಿರುತ್ತಿದ್ದಳು. ನಾಲ್ಕನೇ ಕ್ಲಾಸಿನಲ್ಲಿ ಮಗ್ಗಿ ಹೇಳುವುದರಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ. ಮೇಸ್ತ್ರಿ ತೂಕ ಕೂಗುವ ಮೊದಲೇ ಅವಳು ತಕ್ಕಡಿಯ ಮುಳ್ಳು ನೋಡಿ ಲೆಕ್ಕ ಕೂಡಿಸಿ ಅಮ್ಮನ ಕಿವಿಯಲ್ಲಿ ಹೇಳಿಬಿಡುವಳು, ಇವತ್ತು ಇಷ್ಟು ಹೆಚ್ಚು, ಇಷ್ಟು ದುಡ್ಡು. ಅಪ್ಪ ಬರೆದದ್ದೂ ಅಷ್ಟೇ ಆಗಿರುತ್ತಿತ್ತು. ಅವಳ ಹೆಸರು ಅಪ್ಪನ ಪುಸ್ತಕದಲ್ಲಿ ಇರಲಿಲ್ಲ, ಇರುವ ಹಾಗೂ ಇರಲಿಲ್ಲ. ಅವಳು ಕುಯ್ದದ್ದೆಲ್ಲ ಅಮ್ಮನ ಕಿಲೋದೊಳಗೆ ಸೇರಿಹೋಗುತ್ತಿತ್ತು. ಇತ್ತ ಶಾಲೆಯ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಡಿಸೆಂಬರಿನಿಂದ ಸೊನ್ನೆಗಳ ಸಾಲು.

ಟೀಚರ್ ಒಂದು ಭಾನುವಾರ ತೋಟಕ್ಕೇ ಬಂದರು. ಮೊದಲು ಲೈನ್ ಮನೆಗಳಿಗೆ ಹೋಗಿ, ಒಂದೊಂದು ಜಗುಲಿಯಲ್ಲೂ ಕೂತು ಮಾತಾಡಿ, ಸಂಜೆ ನಮ್ಮ ಮನೆಗೆ ಬಂದರು. ಅಮ್ಮ ಬೆಲ್ಲದ ಕಾಫಿ, ಅಕ್ಕಿ ರೊಟ್ಟಿ ಕೊಟ್ಟಳು.

"ರೈಟ್ರೇ, ನಿಮ್ ತೋಟದಿಂದ ಏಳು ಮಕ್ಕಳು ಬರ್ತಿಲ್ಲ. ನೀವೊಂದ್ ಮಾತು ಹೇಳ್ಬೇಕು."

"ಟೀಚರ್, ನಾನೂ ಸಂಬಳದವನೇ. ಕುಯ್ಲಿನ ಟೈಮಲ್ಲಿ ನಾನ್ ಏನ್ ಹೇಳಿದ್ರೂ ಅವ್ರ ಹೊಟ್ಟೆ ಮೇಲೆ ಹೊಡ್ದಂಗೆ ಆಗತ್ತೆ."

"ಕುಯ್ಯೋಕೆ ಬಂದಿರೋದು ಮೂರು ಮಕ್ಕಳು ಅಷ್ಟೇ. ಉಳಿದ ನಾಲ್ಕೂ ಹೆಣ್ಣುಮಕ್ಕಳು ಮನೇಲಿ ತಮ್ಮ ತಂಗಿ ನೋಡ್ಕೊಂಡ್ ಕೂತಿದಾರೆ. ಮಕ್ಕಳ ಮನೆ ಏನಾಯ್ತು?"

ಅಪ್ಪ ಸುಮ್ಮನಾದರು. ತೋಟದಲ್ಲಿ ಮಕ್ಕಳ ಮನೆ ಅಂತ ಒಂದು ಕೋಣೆ ಇತ್ತು, ಒಬ್ಬ ಆಯಾ ಇದ್ದಳು. ಕುಯ್ಲು ಶುರುವಾದ ಕೂಡಲೇ ಆ ಕೋಣೆಗೆ ಗೋಣಿಚೀಲ ತುಂಬುತ್ತಿದ್ದರು, ಆಯಾಳನ್ನೂ ಹಣ್ಣು ಕುಯ್ಯಲು ಕಳಿಸುತ್ತಿದ್ದರು. ಹಾಲು ಕುಡಿಯುವ ಕೂಸನ್ನು ಯಾರಾದರೂ ನೋಡಿಕೊಳ್ಳಲೇಬೇಕಲ್ಲ, ದೊಡ್ಡ ಹುಡುಗಿ ಶಾಲೆ ಬಿಡುತ್ತಿದ್ದಳು. ಟೀಚರ್ ಜಗುಲಿಗಳಲ್ಲಿ ಕೂತು ಕೇಳುವ ತನಕ ಇದು ಯಾರಿಗೂ ಹೊಳೆದಿರಲಿಲ್ಲ. ಬಡತನ, ಅಪ್ಪ ಅಮ್ಮಂದಿರ ಅಜ್ಞಾನ ಅಂತ ಎಲ್ಲರೂ ಕೈತೊಳೆದುಕೊಂಡಿದ್ದರು.

ದೊಡ್ಡವನಾದ ಮೇಲೆ 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಓದಿದೆ. 50 ಅಥವಾ ಅದಕ್ಕಿಂತ ಹೆಚ್ಚು ಹೆಣ್ಣಾಳುಗಳಿದ್ದರೆ ಶಿಶುಪಾಲನಾ ಕೋಣೆ ಇರಬೇಕು ಅಂತ ಅದರಲ್ಲೇ ಇತ್ತು. 6ರಿಂದ 12 ವರ್ಷದ ಕಾರ್ಮಿಕರ ಮಕ್ಕಳು 25ಕ್ಕಿಂತ ಹೆಚ್ಚಿದ್ದರೆ ಅವರ ಓದಿಗೆ ಮಾಲೀಕರಿಂದ ವ್ಯವಸ್ಥೆ ಮಾಡಿಸಲು ಸರ್ಕಾರ ನಿಯಮ ಮಾಡಬಹುದು ಅಂತಲೂ ಇತ್ತು. ನಾನು ಹುಟ್ಟುವ ಎಷ್ಟೋ ವರ್ಷ ಮೊದಲೇ ಬರೆದಿಟ್ಟ ಮಾತು. ಬರೆದಿಟ್ಟದ್ದಕ್ಕೂ ಆ ಗೋಣಿಚೀಲದ ಕೋಣೆಗೂ ನಡುವೆ ಒಬ್ಬ ಟೀಚರ್ ನಡೆದು ಬರಬೇಕಾಯಿತು ಎನ್ನುವುದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಅಪ್ಪ ಸಾಹುಕಾರ್ರ ಹತ್ತಿರ ಮಾತಾಡಿದರು. ಗೋಣಿಚೀಲ ಗೋದಾಮಿಗೆ ಹೋಗಲು ಆ ವರ್ಷದ ಕುಯ್ಲು ಮುಗಿಯುತ್ತ ಬಂತು. ಟೀಚರ್ ಅಲ್ಲಿಯ ತನಕ ಕಾಯಲಿಲ್ಲ. "ಕೂಸನ್ನ ಎತ್ಕೊಂಡೇ ಬನ್ನಿ" ಅಂದುಬಿಟ್ಟರು. ಸೋಮವಾರದಿಂದ ನಮ್ಮ ಕ್ಲಾಸಿನಲ್ಲಿ ಹಿಂದಿನ ಗೋಡೆಗೆ ಒಂದು ಹಳೇ ಸೀರೆಯ ಜೋಲಿ, ಚಾಪೆಯ ತುದಿಯಲ್ಲಿ ಅಂಬೆಗಾಲಿಡುವ ಎರಡು ಮಕ್ಕಳು. ಸಂಕಲನ ನಡೆಯುವಾಗ ಯಾರದೋ ತಮ್ಮ ಬಳಪ ತಿನ್ನುತ್ತಿದ್ದ, ಯಾರದೋ ತಂಗಿ ಅಳುತ್ತಿದ್ದಳು. ಅದನ್ನು ನೋಡಿ ತನಿಖೆಗೆ ಬಂದ ಸಾಹೇಬರು ಗದರಿದರು. ಹೆಡ್ ಮಾಸ್ಟ್ರು ಮುಂದೆ ನಿಂತು, ಹೆಣ್ಣುಮಕ್ಕಳ ಹಾಜರಿ ತೆಗೆದು ತೋರಿಸಿದರು. ಆಮೇಲೆ ಸಾಹೇಬರು ಏನೂ ಹೇಳಲಿಲ್ಲ.

ಕುಯ್ಯಲು ಹೋಗುತ್ತಿದ್ದವರನ್ನು ಕರೆತರುವುದು ಅಷ್ಟು ಸುಲಭವಾಗಲಿಲ್ಲ. ಮಗ್ಗಿಯ ಹುಡುಗಿ ಬುಧವಾರ, ಗುರುವಾರ ಮಾತ್ರ ಬರತೊಡಗಿದಳು. ಟೀಚರ್ ಆ ಎರಡು ದಿನಕ್ಕೆ ವಾರದ ಪಾಠವನ್ನೆಲ್ಲ ಅವಳಿಗಾಗಿ ಮತ್ತೊಮ್ಮೆ ಹೇಳುವರು.

ಆ ವರ್ಷಗಳಲ್ಲಿ ಕಾಫಿಯ ಪ್ರಪಂಚವೂ ಬದಲಾಗುತ್ತಿತ್ತು. ಅಲ್ಲಿಯ ತನಕ ಬೆಳೆದ ಕಾಫಿಯನ್ನು ಕಾಫಿ ಬೋರ್ಡಿನ ಪೂಲಿಗೇ, ಅಂದರೆ ಎಲ್ಲರ ಕಾಫಿಯನ್ನೂ ಒಟ್ಟುಮಾಡಿ ಮಾರುವ ಸಂಗ್ರಹಕ್ಕೇ, ಕೊಡಬೇಕಿತ್ತು. ದುಡ್ಡು ಕಂತು ಕಂತಾಗಿ ಬರುತ್ತಿತ್ತು. ಹಂತ ಹಂತವಾಗಿ ಅದು ಸಡಿಲವಾಗಿ 1996ಕ್ಕೆ ಪೂರ್ತಿ ಹೋಯಿತು. ಅಷ್ಟರಲ್ಲಿ 1994ರಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು ಗಿಡಗಳು ಸುಟ್ಟು, ಕಾಫಿ ರೇಟು ಯಾರೂ ಕಾಣದಷ್ಟು ಏರಿತು. ಎಲ್ಲಿಯದೋ ಹಿಮ ನಮ್ಮ ಶಾಲೆಯ ಬೆಂಚಿನ ಮೇಲೆ ಪರಿಣಾಮ ಮಾಡಿತು ಅಂದರೆ ನಂಬಬೇಕು. ನಾಲ್ಕೈದು ಎಕರೆಯ ಬೆಳೆಗಾರರ ಮನೆ ಮುಂದೆ ಜೀಪು ಬಂತು, ಮನೆಗೆ ಆರ್‌ಸಿಸಿ ಬಂತು. ನಮ್ಮ ಜೊತೆ ಓದುತ್ತಿದ್ದ ಅವರ ಮಕ್ಕಳು ಜೂನಿನಲ್ಲಿ ಟೈ ಕಟ್ಟಿಕೊಂಡು ವ್ಯಾನು ಹತ್ತಿ ಕಾನ್ವೆಂಟಿಗೆ ಹೋದರು. ತಮ್ಮ ಮಕ್ಕಳು ಇಂಗ್ಲಿಷ್ ಓದಲಿ ಅಂತ ಬಯಸಿದ್ದು ಅವರ ತಪ್ಪಲ್ಲ. ಆದರೆ ಅವರ ಜೊತೆಗೆ ಶಾಲೆಯ ಮಾಡು ಸೋರಿದರೆ ಪಂಚಾಯ್ತಿಗೆ ಹೋಗಿ ಕೇಳುವ ದನಿಯೂ ಹೋಯಿತು. ಮುಂದೆ ರೇಟು ನೆಲ ಕಚ್ಚಿದಾಗಲೂ ಆ ಮಕ್ಕಳು ವಾಪಸ್ ಬರಲಿಲ್ಲ. ಸರ್ಕಾರಿ ಶಾಲೆ ಅನ್ನುವುದು ಲೈನಿನವರ ಶಾಲೆ ಆಗಿದ್ದು ಆಗಲೇ.

1995ರ ಆಗಸ್ಟ್ 15ಕ್ಕೆ ಕೇಂದ್ರ ಸರ್ಕಾರದ ಅಕ್ಕಿ ಯೋಜನೆ ಶುರುವಾಗಿ, ಕೆಲವು ಕಾಲದ ಮೇಲೆ ನಮ್ಮ ಶಾಲೆಗೂ ಮುಟ್ಟಿತು. ಒಂದರಿಂದ ಐದನೇ ಕ್ಲಾಸಿನ ಮಗು ತಿಂಗಳಲ್ಲಿ ಶೇ. 80 ದಿನ ಬಂದರೆ 3 ಕಿಲೋ ಅಕ್ಕಿ. ಹೆಡ್ ಮಾಸ್ಟ್ರ ಕೋಣೆಯಲ್ಲಿ ಮೂಟೆ, ಜಗುಲಿಯಲ್ಲಿ ತಕ್ಕಡಿ, ಕೈಚೀಲ ಹಿಡಿದ ಮಕ್ಕಳ ಸಾಲು. ನಾನಾಗಲೇ ಆರನೇ ಕ್ಲಾಸು, ನನಗೆ ಅಕ್ಕಿ ಇರಲಿಲ್ಲ, ತೂಕ ಬರೆಯುವ ಕೆಲಸ ಮಾತ್ರ ಸಿಕ್ಕಿತು. ಆ ಡಿಸೆಂಬರಿನಲ್ಲಿ ಕಿರಿಯ ಕ್ಲಾಸಿನ ಚಾಪೆಗಳು ಹಿಂದಿನಷ್ಟು ಖಾಲಿಯಾಗಲಿಲ್ಲ. ಲೈನಿನ ತಾಯಂದಿರು ಮಗು ಕುಯ್ಯುವ ಕಿಲೋವನ್ನೂ ಶಾಲೆ ಕೊಡುವ ಕಿಲೋವನ್ನೂ ಪಕ್ಕಪಕ್ಕ ಇಟ್ಟು ಲೆಕ್ಕ ಹಾಕಿದರು. ಬಡವರಿಗೆ ಓದಿನ ಬೆಲೆ ಗೊತ್ತಿಲ್ಲ ಎನ್ನುವವರನ್ನು ನಾನು ಅಂದಿನಿಂದ ನಂಬಿಲ್ಲ. ಮುಂದೆ, 2003ರ ಹೊತ್ತಿಗೆ ಬಿಸಿಯೂಟ ಬಂದ ಮೇಲಂತೂ ಮಧ್ಯಾಹ್ನ ಮನೆಗೆ ಹೋದವರು ತೋಟದಲ್ಲೇ ಉಳಿದುಬಿಡುವುದೂ ನಿಂತಿತು.

ಮಗ್ಗಿಯ ಹುಡುಗಿ ಅಕ್ಕಿ ಬರುವ ಮೊದಲೇ ಹೋಗಿದ್ದಳು. ಐದನೇ ಕ್ಲಾಸಿನ ಪರೀಕ್ಷೆಗೆ ಸ್ವಲ್ಪ ಮೊದಲು, ಕುಯ್ಲು ಮುಗಿದ ವಾರ, ಅವರ ಸಂಸಾರ ಪಾತ್ರೆ, ಕೋಳಿ, ಹಾಸಿಗೆ ಎಲ್ಲ ಕಟ್ಟಿಕೊಂಡು ಸಿದ್ದಾಪುರದ ಕಡೆ ಯಾವುದೋ ತೋಟಕ್ಕೆ ಹೊರಟಿತು. ಅಲ್ಲಿ ಕೂಲಿ ಹೆಚ್ಚು ಅಂತ ಯಾರೋ ಹೇಳಿದ್ದರಂತೆ. ಬಟವಾಡೆ ಚುಕ್ತ ಮಾಡಿ ಅಪ್ಪ ಅವಳ ಅಮ್ಮನ ಹೆಸರಿನ ಮೇಲೆ ಕೆಂಪು ಗೆರೆ ಎಳೆದರು. ಟಿಸಿ ತೆಗೆದುಕೊಂಡು ಹೋಗಿ ಅಂತ ಟೀಚರ್ ಹೇಳಿಕಳಿಸಿದ್ದರು; ಅವರಿಗೆ ಬಸ್ಸಿನ ಹೊತ್ತಾಗಿತ್ತು. ಆ ಟಿಸಿ ಬರೆದಿಟ್ಟದ್ದು ಬಹಳ ಕಾಲ ಹಾಜರಿ ಪುಸ್ತಕದೊಳಗೇ ಇತ್ತು. ಅವಳು ಮುಂದೆ ಓದಿದಳೋ ಇಲ್ಲವೋ ನನಗೆ ತಿಳಿಯಲಿಲ್ಲ.

ಅಕ್ಕ ಓದಿ ಟೀಚರ್ ಆದಳು. ಅವಳನ್ನು ಆ ಕೆಲಸಕ್ಕೆ ಎಳೆದದ್ದು ನಮ್ಮ ಒಂದನೇ ಕ್ಲಾಸಿನ ಟೀಚರೇ ಇರಬೇಕು, ಕೇಳಿದರೆ ಅವಳು ಬಾಯಿಬಿಟ್ಟು ಹೇಳುವವಳಲ್ಲ. ಈಗ ಅಮ್ಮತ್ತಿ ಕಡೆ ಒಂದು ಸರ್ಕಾರಿ ಶಾಲೆಯಲ್ಲಿದ್ದಾಳೆ. ಲೈನ್ ಮನೆಗಳಲ್ಲಿ ಈಗ ತಮಿಳು, ತುಳುವಿನ ಜೊತೆಗೆ ಅಸ್ಸಾಂ, ಪಶ್ಚಿಮ ಬಂಗಾಳದಿಂದ ಬಂದ ಸಂಸಾರಗಳೂ ತುಂಬಿವೆ. ಅವಳ ಒಂದನೇ ಕ್ಲಾಸಿನಲ್ಲಿ ಅರ್ಧಕ್ಕರ್ಧ ಆ ಮಕ್ಕಳೇ. ಊರಿನವರ ಮಕ್ಕಳು ಕಡಿಮೆಯಾಗಿ, ಎಷ್ಟೋ ಸರ್ಕಾರಿ ಶಾಲೆಗಳಿಗೆ ಬೀಗ ಬೀಳುವ ಹೊತ್ತಿನಲ್ಲಿ ಅವಳ ಶಾಲೆ ಬಾಗಿಲು ತೆರೆದಿರುವುದು ಅವರಿಂದ. ಕಳೆದ ಸಲ ಹೋದಾಗ ಅವಳು ಅಡುಗೆ ಮನೆಯಲ್ಲಿ ರೊಟ್ಟಿ ತಟ್ಟುತ್ತಾ, ನೀರು ಬೇಕಾ ಅನ್ನುವುದನ್ನು ಅಸ್ಸಾಮಿಯಲ್ಲಿ ನನಗೆ ಹೇಳಿ ತೋರಿಸಿದಳು. ಉಚ್ಚಾರ ಸರಿಯಿದೆಯೋ ಇಲ್ಲವೋ, ಮಕ್ಕಳಿಗೆ ಅರ್ಥವಾಗುತ್ತದೆ ಅಂದಳು.

ಅವಳ ತೊಂದರೆಯೂ ಹಳೆಯದೇ. ಮಾರ್ಚಿನಲ್ಲಿ ಕುಯ್ಲು ಮುಗಿದ ಕೂಡಲೇ ಸಂಸಾರಗಳು ಹೊರಡುತ್ತವೆ, ಮಕ್ಕಳೂ ಹೋಗುತ್ತಾರೆ. ಅದಕ್ಕೆ ಅವಳು ಜನವರಿಯಲ್ಲೇ ಕೆಲಸ ಶುರು ಮಾಡುತ್ತಾಳೆ. ಹೊರಡುವ ಸಾಧ್ಯತೆ ಇರುವ ಪ್ರತಿ ಮಗುವಿಗೂ ಓದಿದ ಕ್ಲಾಸಿನ ಪ್ರಮಾಣಪತ್ರ ತಯಾರು ಮಾಡಿ, ಪ್ಲಾಸ್ಟಿಕ್ ಕವರಿಗೆ ಹಾಕಿ, ಭಾನುವಾರ ಲೈನಿಗೆ ಹೋಗಿ ತಾಯಿಯ ಕೈಗೇ ಕೊಡುತ್ತಾಳೆ. ತಂದೆಯ ಮೊಬೈಲ್ ನಂಬರನ್ನು ಹಾಜರಿ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಳ್ಳುತ್ತಾಳೆ. ಶಾಲೆ ಶುರುವಾಗುವ ಮೇ ಕೊನೆಯ ವಾರ ಒಬ್ಬೊಬ್ಬರಿಗೂ ಫೋನು ಮಾಡಿ, ಎಲ್ಲಿದ್ದೀರಿ, ಅಲ್ಲಿ ಶಾಲೆ ಇದೆಯಾ, ಇಲ್ಲಿಗೆ ಬರುತ್ತೀರಾ ಅಂತ ಅರ್ಧ ಕನ್ನಡ, ಅರ್ಧ ಹಿಂದಿಯಲ್ಲಿ ವಿಚಾರಿಸುತ್ತಾಳೆ. ಕೆಲವು ನಂಬರು ಸ್ವಿಚ್ ಆಫ್ ಬರುತ್ತದೆ. ಕೆಲವರು ಜೂನಿನಲ್ಲೇ ಮಕ್ಕಳನ್ನು ಕರೆದುಕೊಂಡು ವಾಪಸ್ ಬಂದಿದ್ದಾರೆ.